ಇಳಿತದ ಲೆಕ್ಕ

ಕಾಲಿಗೆ ನಾಲ್ಕು, ಈಜುಪೊರೆಗೆ ಮೂರು, ಉಗುರಿಗೆ ಎರಡು.
ಒಂದು ಜೀವಕ್ಕೆ ಒಟ್ಟು ಒಂಬತ್ತೇ ಮಣಿ.
ಇಲ್ಲಿ ಏರಿಸಿದರೆ ಅಲ್ಲಿ ಇಳಿಸಬೇಕು,
ಇದು ಆಟದ ಕಾಯಿದೆ, ಬರೆದವಳು ನಾನೇ.

ಚೋಡಣ ದ್ವೀಪದ ಬಾಡಿಗೆ ಕೋಣೆ.
ಫೆರಿಯ ಎಂಜಿನ್ನು ಗೋಡೆಯೊಳಗೇ ಗುಡುಗುಡು.
ಮೇಜಿನ ತುಂಬ ಆರು ಮೂಲೆಯ ರಟ್ಟಿನ ತುಂಡು:
ಬಂಡೆ, ಮರಳು, ಹುಲ್ಲು, ಹೊಳೆ,
ಮೂಲೆಯಲ್ಲಿ ಒಂದಿಷ್ಟು ಕೆಸರು.
ಎಂಟು ತಿಂಗಳಿಂದ ಇವುಗಳ ಮೇಲೆ
ಎಲ್ಲೂ ಹುಟ್ಟದ ಪ್ರಾಣಿಗಳನ್ನು ನಡೆಸುತ್ತಿದ್ದೇನೆ.

ತೊಂದರೆ ಸಂಗನಬಸುವಿನದು.
ವಾಸ್ಕೋದ ಹುಡುಗ, ಹದಿಮೂರು ವರ್ಷ,
ಅಪ್ಪ ಬಂದರಿನಲ್ಲಿ ಕ್ರೇನು ನಡೆಸುವವನು.
ಭಾನುವಾರ ಎರಡು ಬಸ್ಸು ಬದಲಿಸಿ, ಫೆರಿ ದಾಟಿ ಬಂದು
ನನ್ನ ಆಟ ಮುರಿದು ಹೋಗುತ್ತಾನೆ.
ಏಳನೇ ಪೀಳಿಗೆಗೆ ಅವನ ಕೈಯಲ್ಲೊಂದು ಪ್ರಾಣಿ:
ಕಪ್ಪೆಯ ತೊಡೆ, ಬಾತಿನ ಬೆರಳು, ಉಡದ ಉಗುರು.
ಬಂಡೆಗೂ ಸೈ, ಹೊಳೆಗೂ ಸೈ,
ಕೆಸರು ಕಂಡರೆ ಸುತ್ತು ಹಾಕಿ ಮುಂದೆ.
"ಅಕ್ಕಾ, ಇದಕ್ಕ ಎಲ್ಲಾ ಕಡೆ ದಾರಿ ಐತಿ" –
ಹಲ್ಲು ಕಿರಿಯುತ್ತಾನೆ.

ಎಲ್ಲಾ ಕಡೆ ದಾರಿ ಇರುವ ಪ್ರಾಣಿ
ಉಳಿದವರ ಆಟ ತಿಂದುಬಿಡುತ್ತದೆ.

ತೊಡೆಯಿಂದ ಒಂದು ಮಣಿ ಕಿತ್ತೆ.
ಬಂಡೆಯ ಬುಡದಲ್ಲೇ ಸತ್ತಿತು.
ವಾಪಸು ಕೊಟ್ಟೆ. ಗೆದ್ದಿತು.
ಅರ್ಧ ಮಣಿ ಎಂಬುದಿಲ್ಲ.
ಹಸಿವು ಹೆಚ್ಚಿಸಿದೆ: ಹುಲ್ಲಲ್ಲಿ ನಿಂತು ಮೇದು
ಇನ್ನೆರಡು ಮರಿ ಹಾಕಿತು, ಹಾಳಾದ್ದು.
ರಾತ್ರಿ ಎರಡಕ್ಕೆ ವಹಿಯಲ್ಲಿ ಬರೆದೆ,
ಪ್ರಾಣಿಯದೇನೂ ತಪ್ಪಿಲ್ಲ.
ಬೆಳಿಗ್ಗೆ ಅದನ್ನೂ ಹೊಡೆದು ಹಾಕಿದೆ.

ಮನೆಯೊಡತಿ ಕ್ಲೊಟಿಲ್ಡಾ ಬಾಯಿ,
ಮಂಡಿ ಸವೆದವಳು,
ಮೂರು ಮೆಟ್ಟಿಲಿಗೆ ಮೂರು ಸಂತರನ್ನು ಕರೆಯುವವಳು,
ಅಂದು ತಿಸ್ರ್ಯೊ ಆಯಲು ಕರೆದಳು.
ನೀರು ಇಳಿದಿತ್ತು. ಕಾಂಡ್ಲಾ ಬೇರುಗಳ ನಡುವೆ
ಹೊಳೆಯುವ ಕಪ್ಪು ಕೆಸರು.
ಹಲಗೆಯೊಂದನ್ನು ಹಾಸಿ ಎದೆಯೂರಿ ಮಲಗಿದವಳು
ಅಂಗೈಯಲ್ಲಿ ಎರಡು ಸಲ ತಳ್ಳಿದಳು ಅಷ್ಟೇ,
ಎಣ್ಣೆಯ ಮೇಲೆ ಎಣ್ಣೆಯಂತೆ ಜಾರಿ ಆಚೆ.
ನಾನು, ಗಟ್ಟಿ ಕಾಲಿನವಳು,
ಮೊಣಕಾಲ ತನಕ ಹೂತು ನಿಂತಿದ್ದೆ.
"ಕಾಲು ಎತ್ತಬೇಡವೇ," ಕೂಗಿದಳು,
"ಕೆಸರಿಗೆ ಕಾಲೆಂದರೆ ಬಲು ಇಷ್ಟ."

ಪಕ್ಕದಲ್ಲೇ ಒಂದು ಮೀನು
ರೆಕ್ಕೆಯ ಮೇಲೆ ಮೊಣಕೈ ಊರಿದಂತೆ ಕೂತು
ನನ್ನನ್ನು ನೋಡುತ್ತಿತ್ತು.
ಈಜಿನಲ್ಲಿ ಕೊನೆ, ನಡಿಗೆಯಲ್ಲಿ ಕೊನೆ,
ನನ್ನ ಪಟ್ಟಿಯಲ್ಲಿ ಒಂದೇ ದಿನ ಬದುಕದ ಜೀವ.
ಕೆನ್ನೆ ಉಬ್ಬಿಸಿತು, ಟಪ್ಪೆಂದು ಹಾರಿತು.

ಸಂಜೆ ಅದೇ ಜಾಗಕ್ಕೆ ಹೋದೆ, ಕಳೆದ ಚಪ್ಪಲಿ ಹುಡುಕಲು.
ಜಾಗ ಇರಲಿಲ್ಲ.
ಎದೆಮಟ್ಟ ನೀರು, ಮೇಲೊಂದು ಬಾರ್ಜು.

ಎಂಟು ತಿಂಗಳು ಪ್ರಾಣಿಗಳನ್ನೇ ತಿದ್ದಿದ್ದೆ.
ನೆಲ ನಿಂತಲ್ಲೇ ನಿಂತಿತ್ತು.
ಹೊಳೆಯ ರಟ್ಟುಗಳನ್ನೆಲ್ಲ ಮಗುಚಿ
ಬೆನ್ನಿಗೆ ಕೆಸರು ಬಳಿದೆ.
ನಾಲ್ಕು ಸುತ್ತಿಗೊಮ್ಮೆ ತಿರುಗಿಸಬೇಕು.
ಒಂದು ಮಣಿಯನ್ನೂ ಮುಟ್ಟಲಿಲ್ಲ.

ಭಾನುವಾರ. ನಡುಹೊಳೆಯಲ್ಲಿ ಅವನ ಪ್ರಾಣಿ.
ರಟ್ಟು ಮಗುಚಿದೆ.
ಆ ಉದ್ದ ತೊಡೆ ಎತ್ತಿದಷ್ಟೂ ಹೂತಿತು.
"ಮೋಸ! ನೆಲಾನ ಬದಲಿ ಮಾಡಿದ್ರಿ."
ಕಣ್ಣಲ್ಲಿ ನೀರು ಬಂದಿತ್ತು, ನೋಡದವಳಂತೆ ಚಹಾ ಸೋಸಿದೆ.
ಸ್ವಲ್ಪ ಹೊತ್ತಿಗೆ, ಸಣ್ಣ ದನಿಯಲ್ಲಿ:
"ನೀರು ತಿರುಗಿ ಬರೂದು ಎಷ್ಟು ಸುತ್ತಿಗೆ?"

ಕಳಿಸಲು ಫೆರಿಯ ತನಕ ಹೋದೆ.
ಅವನು ಬರುವಾಗ ಚಪ್ಪಟೆಯಾಗಿದ್ದ ದಕ್ಕೆಯ ಇಳಿಜಾರು
ಈಗ ಪಾಚಿ ತೋರಿಸುತ್ತ ಕೆಳಗೆ ಕೆಳಗೆ ಹೋಗಿತ್ತು.
ಹುಡುಗ ನಿಂತ. ಚಪ್ಪಲಿ ಕೈಗೆ ತೆಗೆದುಕೊಂಡ.
ಹಿಮ್ಮಡಿಯಿಂದ ಹಿಮ್ಮಡಿಗೆ ಅಳೆಯುತ್ತ ಇಳಿದ,
ಹನ್ನೊಂದು, ಹನ್ನೆರಡು, ಬಾಯಲ್ಲಿ ಎಣಿಸುತ್ತ,
ಹಿಂದಿನ ಸ್ಕೂಟರು ಹಾರ್ನು ಹೊಡೆದರೂ ಬಿಡದೆ.

ಮುಂದಿನ ವಾರ ಗೆಲ್ಲುತ್ತಾನೆ, ಕಳ್ಳ.
ನಾನು ಏನಾದರೂ ಮಾಡಬೇಕು.